ಅಮ್ಮನ ಪಾದ ಉರಿ, ಜೋಮು: ಶುಗರಿಂದಲೋ, ವಿಟಮಿನ್ ಬಿ12 ಕಮ್ಮಿಯಾಗಿಯೋ?

ಪೆರ್ಲದ ಮಾಣಿ:
ಅಮ್ಮನಿಗೆ 61 ವರ್ಷ. ಶುಗರ್ ಶುರುವಾಗಿ ಹತ್ತು ವರ್ಷದ ಮೇಲಾಯ್ತು, ಮೆಟ್‌ಫಾರ್ಮಿನ್ ಎರಡು ಹೊತ್ತು ತಗೊಳ್ತಾರೆ. ಈಗ ಕೆಲವು ತಿಂಗಳಿಂದ ಪಾದ ಉರಿ, ಬೆರಳ ತುದಿಗೆಲ್ಲ ಜೋಮು ಹಿಡಿದ ಹಾಗೆ, ರಾತ್ರಿ ನಿದ್ದೆ ಇಲ್ಲ, ಕಾಲಿಂದ ಚಪ್ಪಲಿ ಜಾರಿದ್ರೂ ಗೊತ್ತಾಗುದಿಲ್ಲ ಹೇಳ್ತಾರೆ. ಯಾರತ್ರ ಕೇಳಿದ್ರೂ "ಶುಗರಿದ್ದವರಿಗೆ ಅದೆಲ್ಲ ಇದ್ದದ್ದೇ" ಅಂತಲೇ ಉತ್ತರ. ಆದ್ರೆ ಶುಗರ್ ಕಂಟ್ರೋಲಲ್ಲಿ ಉಂಟು, ಹಿಮೋಗ್ಲೋಬಿನ್ ಸಹ 12.3. ನಮ್ಮಲ್ಲಿ ಮೀನು ಮೊಟ್ಟೆ ಎಂತದೂ ಇಲ್ಲ. ಮೊದಲು ಹಟ್ಟಿಯಲ್ಲಿ ದನ ಇತ್ತು, ಈಗ ಪ್ಯಾಕೆಟ್ ಹಾಲು, ಅದೂ ಚಾಯಕ್ಕೆ ಮಾತ್ರ, ಮೊಸರು ಕಫ ಅಂತ ಬಿಟ್ಟಿದ್ದಾರೆ. ಮೆಡಿಕಲಿನವರು ಒಂದು ಬಿ ಕಾಂಪ್ಲೆಕ್ಸ್ ಕೊಟ್ಟಿದ್ದಾರೆ, ಇನ್ನೂ ಶುರು ಮಾಡ್ಲಿಲ್ಲ. ಪಕ್ಕದ ಮನೆಯವರು ಸ್ಪಿರುಲಿನಾ (ಒಂದು ಥರ ಪಾಚಿ) ತಿನ್ನಿಸಿ ಹೇಳ್ತಾರೆ. ಬಿ12 ಟೆಸ್ಟ್ ಮಾಡಿಸ್ಬೇಕಾ, ಎಂತ ಮಾಡುದು?

ಬದಿಯಡ್ಕ ಭಟ್ರು:
ಈಗ ಎಲ್ಲದಕ್ಕೂ ಟೆಸ್ಟು ಮಾರಾಯ್ರೆ. ನಮ್ಮ ಅಜ್ಜ ಕೊನೇವರೆಗೂ ತೋಟಕ್ಕೆ ಇಳಿದು ಕೆಲಸ ಮಾಡಿದವರು, ಬಿ12 ಅಂತ ಕೇಳಿಯೂ ಗೊತ್ತಿಲ್ಲ. ಬೆಳಿಗ್ಗೆ ಕುಚ್ಚಿಲಕ್ಕಿ ಗಂಜಿ, ಮಧ್ಯಾಹ್ನ ಒಂದೆಲಗದ ತಂಬುಳಿ, ಬಸಳೆ, ಹರಿವೆ, ಅಷ್ಟೇ. ಊಟ ಸರಿ ಮಾಡಿ, ಮಾತ್ರೆ ಎಲ್ಲ ಬೇಡ.

ಲ್ಯಾಬಿನಕ್ಕ ಕಾಸರಗೋಡು:
ಭಟ್ರೆ, ಅಜ್ಜನ ಊಟದಲ್ಲಿ ನೀವು ಹಾಲು ಮೊಸರು ಮಜ್ಜಿಗೆ ಬಿಟ್ಟುಬಿಟ್ರಿ ಅಲ್ವಾ? ಸಸ್ಯಾಹಾರಿಗಳಿಗೆ ಬಿ12 ಬರುದೇ ಅದರಿಂದ. ಸೊಪ್ಪಲ್ಲಿ ಇಲ್ಲ, ಬೇಳೆಯಲ್ಲಿ ಇಲ್ಲ, ಅಕ್ಕಿಯಲ್ಲಿ ಇಲ್ಲ. 100 ಎಂಎಲ್ ಹಸುವಿನ ಹಾಲಲ್ಲಿ ಅರ್ಧ ಮೈಕ್ರೋಗ್ರಾಮಿನ ಹತ್ತಿರ ಸಿಗ್ತದೆ, ದೊಡ್ಡವರಿಗೆ ದಿನಕ್ಕೆ ಬೇಕಾದ್ದು 2.2 ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೇಳಿದೆ. ಅಂದ್ರೆ ಅರ್ಧ ಲೀಟರ್ ಹಾಲು ಮೊಸರು ಹೊಟ್ಟೆಗೆ ಹೋಗ್ಬೇಕು, ಚಾಯಕ್ಕೆ ಬಿಡುವ ಎರಡು ಚಮಚದಲ್ಲಿ ಎಂತ ಆಗ್ತದೆ?

ಪೆರ್ಲದ ತಮ್ಮಾ, ನಿನ್ನ ಅಮ್ಮನ ವಿಷಯದಲ್ಲಿ ಮೂರು ಸೇರಿಕೊಂಡಿದೆ. ಊಟದಲ್ಲಿ ಬರುದೇ ಕಮ್ಮಿ. ವಯಸ್ಸಾದ ಹಾಗೆ ಹೊಟ್ಟೆಯ ಆಸಿಡ್ ಕಮ್ಮಿಯಾಗಿ ಆಹಾರದಿಂದ ಅದನ್ನು ಬಿಡಿಸಿಕೊಳ್ಳುದೂ ಕಷ್ಟ, ಗ್ಯಾಸಿನ ಮಾತ್ರೆ ಸಹ ದಿನಾ ನುಂಗ್ತಾ ಇದ್ರೆ ಇನ್ನೂ ಕಷ್ಟ. ಮೂರನೇದು ಮೆಟ್‌ಫಾರ್ಮಿನ್, ವರ್ಷಗಟ್ಟಲೆ ತಗೊಂಡವರಲ್ಲಿ ಬಿ12 ಹೀರಿಕೊಳ್ಳುದು ಕಮ್ಮಿಯಾಗ್ತದೆ, ಇದು ಗೊತ್ತಿರುವ ವಿಷಯವೇ. ಹಾಗಂತ ನೀವಾಗಿ ಅದನ್ನು ನಿಲ್ಲಿಸ್ಬೇಡಿ, ಶುಗರ್ ಮೇಲೆ ಹೋಗ್ತದೆ. ಲಿವರಿನಲ್ಲಿ ಕೆಲವು ವರ್ಷಕ್ಕಾಗುವಷ್ಟು ಸ್ಟಾಕ್ ಇರುದರಿಂದ ಹಾಲು ಬಿಟ್ಟ ಕೂಡಲೇ ಎಂತದೂ ಕಾಣುದಿಲ್ಲ, ಖಾಲಿಯಾದ ಮೇಲೆ ಮೆಲ್ಲ ಶುರು.

ಶುಗರಿಂದ ಸಹ ಹೀಗೇ ಉರಿ ಬರ್ತದೆ, ಸುಳ್ಳಲ್ಲ. ಆದ್ರೆ ನರದ ಮೇಲಿನ ಪೊರೆ ಸರಿ ಇರ್ಬೇಕಾದ್ರೆ ಬಿ12 ಬೇಕು, ಅದು ಹಾಳಾದಾಗಲೂ ಪಾದದಿಂದಲೇ ಶುರು, ಆಮೇಲೆ ನಡೆಯುವಾಗ ತೂರಾಡುದು, ಮರೆವು. ಎರಡೂ ಹೊರಗಿಂದ ಒಂದೇ ಥರ ಇರುವಾಗ ಬರೀ ಶುಗರ್ ಅಂತ ಹೇಳಿ ಕೂತುಕೊಳ್ಳುದು ನನಗೆ ಸರಿ ಕಾಣುದಿಲ್ಲ. ಬೇಗ ಗೊತ್ತಾದ್ರೆ ವಾಸಿಯಾಗ್ತದೆ, ತಡವಾದ್ರೆ ನರ ಪೂರ್ತಿ ಸುಧಾರಿಸ್ಲಿಕ್ಕಿಲ್ಲ.

ಹಿಮೋಗ್ಲೋಬಿನ್ 12.3 ಅಂತ ಸಮಾಧಾನ ಮಾಡಿಕೊಳ್ಬೇಡ. ರಕ್ತ ಸರಿ ಇದ್ದು ನರ ಮಾತ್ರ ಹಾಳಾಗಬಹುದು. ಬಿ12 ಇಲ್ಲದಿದ್ರೆ ಕೆಂಪು ಕಣ ದೊಡ್ಡದಾಗ್ತದೆ, ರಿಪೋರ್ಟಿನಲ್ಲಿ ಎಂಸಿವಿ (ಕಣದ ಸರಾಸರಿ ಗಾತ್ರ) 100 ದಾಟಿದ್ರೆ ಸಂಶಯ ಪಡುದು ಅದಕ್ಕೇ. ಆದ್ರೆ ಕಬ್ಬಿಣ ಸಹ ಕಮ್ಮಿ ಇದ್ರೆ ಕಣ ಸಣ್ಣದಾಗುದು, ಎರಡೂ ಒಟ್ಟಿಗೆ ಇದ್ರೆ ಸರಾಸರಿ ಸರಿಯಾಗಿಯೇ ಬರ್ತದೆ, ನಮ್ಮ ಕಣ್ಣಿಗೆ ಮಣ್ಣು. ಬರೀ ಫೋಲಿಕ್ ಆಸಿಡ್ ತಗೊಂಡ್ರೂ ಹಾಗೇ, ರಕ್ತ ಚಂದ ಆಗ್ತದೆ, ನರದ ತೊಂದ್ರೆ ಒಳಗಿಂದೊಳಗೇ ಮುಂದೆ ಹೋಗ್ತದೆ.

ಉಪ್ಪಳದ ಇಚ್ಚ:
ನಮ್ಮ ಬೂತಾಯಿ ತಿಂದ್ರೆ ಇಷ್ಟೆಲ್ಲ ಇಲ್ಲ ಭಟ್ರೆ 😄 ತಮಾಷೆಗೆ. ಆದ್ರೆ ಮೀನು ತಿನ್ನುವವರಿಗೆ ಏನೂ ಕಮ್ಮಿ ಇಲ್ಲ ಅಂತಲೂ ಅಲ್ಲ, ನಮ್ಮ ಮನೆಯವಳಿಗೆ ಯಾವಾಗ ನೋಡಿದ್ರೂ ಸುಸ್ತು, ಮೆಟ್ಟಿಲು ಹತ್ತಿದ್ರೆ ಏದುಸಿರು, ಮಣ್ಣಿನ ವಾಸನೆ ಬಂದ್ರೆ ತಿನ್ಬೇಕು ಅನಿಸ್ತದೆ ಅಂತ ಹೇಳ್ತಿದ್ಳು, ನೋಡಿದ್ರೆ ಕಬ್ಬಿಣ ಕಮ್ಮಿ. ಮಾತ್ರೆ ಕೊಟ್ರು, ಇವಳು ಅದನ್ನು ಕಟ್ಟನ್ (ಹಾಲು ಹಾಕದ) ಚಾಯದೊಟ್ಟಿಗೆ ನುಂಗಿದ್ಳು! ಚಾಯದ ಚೊಗರು ಕಬ್ಬಿಣವನ್ನು ಹಿಡಿದಿಟ್ಟುಕೊಳ್ತದಂತೆ, ಒಳಗೆ ಹೋಗ್ಲಿಕ್ಕೆ ಬಿಡುದಿಲ್ಲ. ಈಗ ನಿಂಬೆ ಶರಬತ್ತಿನೊಟ್ಟಿಗೆ ಮಾತ್ರೆ, ಚಾಯ ಬಹಳ ಹೊತ್ತು ಕಳೆದ ಮೇಲೆ.

ಬದಿಯಡ್ಕ ಭಟ್ರು:
ಹಾಲಿನ ಮಾತು ಒಪ್ಪಿದೆ ಅಕ್ಕಾ, ಅಜ್ಜನಿಗೆ ಮಜ್ಜಿಗೆ ಇಲ್ಲದೆ ಊಟ ಇಳೀತಿರ್ಲಿಲ್ಲ. ಆದ್ರೆ ಹುಳಿ ಬರಿಸಿದ ಇಡ್ಲಿ, ತಂಗಳನ್ನ, ಅದರಲ್ಲಿ ಬ್ಯಾಕ್ಟೀರಿಯಾ ಬಿ12 ಮಾಡ್ತದೆ ಅಂತ ವಾಟ್ಸಾಪಿನಲ್ಲಿ ಬಂದಿತ್ತು? ಮತ್ತೆ ಕುಚ್ಚಿಲಕ್ಕಿಗೆ ಬೆಲೆಯೇ ಇಲ್ವಾ?

ಲ್ಯಾಬಿನಕ್ಕ ಕಾಸರಗೋಡು:
ಇಡ್ಲಿ ತಂಗಳನ್ನ ನಂಬಿ ಕೂರುವ ಹಾಗಿಲ್ಲ. ಸ್ಪಿರುಲಿನಾದಲ್ಲಿ ಇರುದು ಹೆಚ್ಚಿನದ್ದು ಬಿ12ರ ಹಾಗೆ ಕಾಣುವ ಬೇರೆ ವಸ್ತು, ನಮ್ಮ ಮೈಗೆ ಉಪಯೋಗ ಇಲ್ಲ, ದುಡ್ಡು ದಂಡ.

ಕುಚ್ಚಿಲಕ್ಕಿಗೆ ಬೆಲೆ ಖಂಡಿತ ಉಂಟು, ಆದ್ರೆ ಅದು ಬಿ1 ವಿಷಯ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸುವಾಗ ತೌಡಿನಲ್ಲಿರುವ ಬಿ1 ಅಕ್ಕಿಯ ಒಳಗೆ ಇಳೀತದೆ, ಆಮೇಲೆ ಮಿಲ್ಲಿಗೆ ಹಾಕಿದ್ರೂ ತುಂಬ ಉಳೀತದೆ. ಭತ್ತ ಬೇಯಿಸದೆ ಮಾಡುವ ಬೆಳ್ತಿಗೆ ಅಕ್ಕಿಯಲ್ಲಿ ತೌಡಿನೊಟ್ಟಿಗೇ ಹೋಯ್ತು. ಹಿಂದೆ ಆಂಧ್ರದ ಕರಾವಳಿಯಲ್ಲಿ ಮಿಲ್ಲಿನ ಬಿಳಿ ಅಕ್ಕಿ ಉಂಡವರಿಗೆ ಬೆರಿಬೆರಿ ಬರ್ತಿತ್ತು, ಕಾಲು ಜೋಮು, ಬಾವು, ಕೊನೆಗೆ ಹೃದಯವೇ ಸೋಲುದು. 1918ರಲ್ಲಿ ಕೂನೂರಿನಲ್ಲಿ ಮ್ಯಾಕ್‌ಕ್ಯಾರಿಸನ್ ಅನ್ನುವ ಡಾಕ್ಟ್ರು ಅದನ್ನೇ ಹುಡುಕ್ಲಿಕ್ಕೆ ಒಂದು ಕೋಣೆಯಲ್ಲಿ ಶುರು ಮಾಡಿದ ಲ್ಯಾಬು ಈಗ ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ. ನಿಮ್ಮ ಗಂಜಿ ಬಿಡ್ಬೇಡಿ ಭಟ್ರೆ, ಒಟ್ಟಿಗೆ ಮೊಸರು ಸಹ ಇರ್ಲಿ.

ಪೆರ್ಲದ ಮಾಣಿ:
ಥ್ಯಾಂಕ್ಸ್ ಅಕ್ಕಾ. ಬಿ ಕಾಂಪ್ಲೆಕ್ಸ್ ಇವತ್ತಿಂದಲೇ ಶುರು ಮಾಡ್ಲಾ? ಟೆಸ್ಟಿಗೆ ಖಾಲಿ ಹೊಟ್ಟೆಯಲ್ಲಿ ಬರ್ಬೇಕಾ?

ಲ್ಯಾಬಿನಕ್ಕ ಕಾಸರಗೋಡು:
ಮೊದಲು ರಕ್ತ ಕೊಡಿ, ಮತ್ತೆ ಮಾತ್ರೆ. ಮಾತ್ರೆ ತಿಂದ ಮೇಲೆ ಬಿ12 ಲೆವೆಲ್ ಏರಿದ ಹಾಗೆ ತೋರಿಸ್ತದೆ, ಇಂಜೆಕ್ಷನ್ ಆದ ಮೇಲಂತೂ ಕೇಳುದೇ ಬೇಡ. ಖಾಲಿ ಹೊಟ್ಟೆ ಬೇಕಾ ಅಂತ ಕೊಡುವ ಲ್ಯಾಬಿನಲ್ಲೇ ಕೇಳು, ಒಟ್ಟಿಗೆ ಶುಗರ್ ಸಹ ನೋಡುದಾದ್ರೆ ಹೇಗೂ ಬೆಳಿಗ್ಗೆಯೇ ಹೋಗ್ಬೇಕಲ್ಲ. ಬಿ12 ರಿಪೋರ್ಟಿನಲ್ಲಿ 200ರ (ಪಿಕೋಗ್ರಾಮ್/ಎಂಎಲ್ ಲೆಕ್ಕ) ಕೆಳಗೆ ಬಂದ್ರೆ ಕಮ್ಮಿ ಅಂತಲೇ, 200ರಿಂದ 300ರ ಮಧ್ಯೆ ಬಂದ್ರೆ ಡಾಕ್ಟ್ರು ಅಮ್ಮನ ತೊಂದ್ರೆ ನೋಡಿ ತೀರ್ಮಾನ ಮಾಡ್ತಾರೆ. ಮೆಟ್‌ಫಾರ್ಮಿನ್ ಎಷ್ಟು ವರ್ಷದಿಂದ ಅಂತ ನೀನೇ ಬಾಯಿಬಿಟ್ಟು ಹೇಳು, ರಶ್ ಇರುವಾಗ ಅವರು ಕೇಳುದು ಮರೀಬಹುದು. ಮತ್ತೆ ಅಮ್ಮನಿಗೆ ಬರಿಗಾಲಲ್ಲಿ ತೋಟಕ್ಕೆ ಹೋಗ್ಬೇಡಿ ಹೇಳು, ಮುಳ್ಳು ತಾಗಿದ್ರೂ ಗೊತ್ತಾಗ್ಲಿಕ್ಕಿಲ್ಲ.