ಟೆದರ್ಡ್ ಕಾರ್ಡ್: ಆಪರೇಷನ್ ಮಾಡಿಸಬೇಕಾ, ಮಾತ್ರೆಯಲ್ಲೇ ನೋಡಬಹುದಾ?

ಪ್ರಶ್ನೆ: ಮಗನಿಗೆ ಆರು ವರ್ಷ. ಬೆನ್ನುಹುರಿ ಕೆಳಗೆ ಅಂಟಿಕೊಂಡಿದೆ, ಟೆದರ್ಡ್ ಕಾರ್ಡ್ ಅಂತ ಎಂಆರ್‌ಐನಲ್ಲಿ ಬಂದಿದೆ. ಒಬ್ಬ ಡಾಕ್ಟರು ಆಪರೇಷನ್ ಅನ್ನುತ್ತಾರೆ, ಇನ್ನೊಬ್ಬರು ಮಾತ್ರೆ, ಫಿಸಿಯೋದಲ್ಲಿ ನೋಡೋಣ ಅನ್ನುತ್ತಾರೆ. ಈಚೆಗೆ ಹಗಲಲ್ಲೂ ಚಡ್ಡಿ ಒದ್ದೆ ಮಾಡಿಕೊಳ್ಳುತ್ತಾನೆ. ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ 1: ಅಕ್ಕಾ, ನನ್ನ ಮಗಳಿಗೆ ಎಂಟನೇ ವರ್ಷದಲ್ಲಿ ಆಪರೇಷನ್ ಆಯಿತು. ಮೊದಲು ಸುಳಿವು ಕೊಟ್ಟಿದ್ದು ಅವಳ ಚಪ್ಪಲಿ. ಎಡಗಾಲಿನದು ಮಾತ್ರ ಹೊರ ಅಂಚಿನಲ್ಲಿ ಸವೆಯುತ್ತಿತ್ತು. ಆ ಪಾದ ಚಿಕ್ಕದು ಅಂತ ಅಂಗಡಿಯಲ್ಲಿ ಶೂ ಹಾಕಿಸುವಾಗ ಗೊತ್ತಾಯಿತು. ಸೊಂಟದ ಹತ್ತಿರ ಹುಟ್ಟಿನಿಂದ ಕೂದಲ ಕುಚ್ಚು ಇತ್ತು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ನಾವೂ ಒಂದು ವರ್ಷ ಮಾತ್ರೆ ಕೊಟ್ಟೆವು. ಆಕ್ಸಿಬ್ಯುಟಿನಿನ್ ಮೂತ್ರಚೀಲ ತಾನಾಗಿ ಹಿಂಡುವುದನ್ನು ಕಡಿಮೆ ಮಾಡುತ್ತದೆ, ಫಿಸಿಯೋ ಕಾಲಿಗೆ ಬಲ ಕೊಡುತ್ತದೆ. ಆದರೆ ಹುರಿಯನ್ನು ಎಳೆದು ಹಿಡಿದಿರುವುದನ್ನು ಯಾವ ಮಾತ್ರೆಯೂ ಬಿಡಿಸೋದಿಲ್ಲ. ಮಗು ಎತ್ತರ ಬೆಳೆದ ಹಾಗೆ ಎಳೆತ ಜಾಸ್ತಿಯಾಗಬಹುದು. ಇವಳು ಒಂದೇ ಸಮ ಎತ್ತರವಾದ ವರ್ಷವೇ ಎಡವೋದು ಶುರುವಾಯಿತು.

ಹುರಿಯ ತುದಿಯಲ್ಲಿರುವ ಎಳೆಗೆ ಫೈಲಮ್ ಅನ್ನುತ್ತಾರೆ. ಇವಳಿಗೆ ಅದು ದಪ್ಪವಾಗಿತ್ತು, ಕತ್ತರಿಸಿ ಬಿಡಿಸಿದರು. ಕಷ್ಟವಾಗಿದ್ದು ಆಮೇಲೆ. ಬೆನ್ನಿನ ನೀರು ಸೋರಬಾರದು ಅಂತ ಮೂರು ದಿನ ತಲೆ ಎತ್ತದಂತೆ ಮಲಗಿಸಿದ್ದರು. ಗಂಜಿಯನ್ನು ಸ್ಟ್ರಾದಲ್ಲಿ ಕುಡಿಸಿದೆ. ಕಾಲಿನ ಸೆಳೆತ ಬೇಗ ಹೋಯಿತು, ಒದ್ದೆ ನಿಲ್ಲಲು ಎಂಟು ತಿಂಗಳು ಹಿಡಿಯಿತು. ಪಾದ ಹಾಗೇ ಇದೆ, ಎರಡು ಅಳತೆಯ ಶೂ ಕೊಳ್ಳುತ್ತೇವೆ. ಹಗಲಲ್ಲೂ ಒದ್ದೆಯಾಗುತ್ತಿದ್ದರೆ ನಾನಂತೂ ಕಾಯುತ್ತಿರಲಿಲ್ಲ.

ಉತ್ತರ 2: ನನ್ನದು ಲಿಪೋಮಾ. ಕೊಬ್ಬಿನ ಗಂಟು ಹುರಿಗೇ ಹೆಣೆದುಕೊಂಡಿತ್ತು. ಡಿಸ್ಕ್ ತೊಂದರೆ ಅಂದುಕೊಂಡು ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿದೆ. 34ಕ್ಕೆ ಆಪರೇಷನ್ ಆಯಿತು. ಬೆನ್ನುನೋವು ಹೋಯಿತು, ಮೂತ್ರದ ಹತೋಟಿ ವಾಪಸ್ ಬರಲಿಲ್ಲ. ದಿನಕ್ಕೆ ಐದು ಸಲ ಟ್ಯೂಬ್ ಹಾಕಿ ತೆಗೆಯುತ್ತೇನೆ.

ಆದರೂ ಕಾಯೋಣ ಎಂದ ಡಾಕ್ಟರು ತಪ್ಪು ಅಂತ ಈಗಲೇ ಅಂದುಕೊಳ್ಳಬೇಡಿ. ತೊಂದರೆಯೇ ಕೊಡದ ಲಿಪೋಮಾಗೆ ಕೈ ಹಾಕಬೇಕಾ ಅನ್ನುವುದರಲ್ಲಿ ಸರ್ಜನ್‌ಗಳಲ್ಲೇ ಒಮ್ಮತವಿಲ್ಲ. ಬಿಡಿಸಿದ್ದು ಮತ್ತೆ ಅಂಟಿಕೊಳ್ಳುವುದೂ ಉಂಟು. ನಿಮ್ಮ ಮಗನದು ಫೈಲಮ್ಮೋ ಲಿಪೋಮಾನೋ ಕೇಳಿ. ಯೂರೋಡೈನಮಿಕ್ಸ್ ಮಾಡಿಸಿ, ಮೂತ್ರಚೀಲದೊಳಗಿನ ಒತ್ತಡ ಅದರಲ್ಲಿ ತಿಳಿಯುತ್ತದೆ. ಒತ್ತಡ ಜಾಸ್ತಿಯಿದ್ದರೆ ಕಿಡ್ನಿಗೂ ಪೆಟ್ಟು. ಹೋಗುವಾಗ ಮೂರು ದಿನದ ಲೆಕ್ಕ ಬರೆದುಕೊಂಡು ಹೋಗಿ: ಎಷ್ಟು ಹೊತ್ತಿಗೆ ನೀರು ಕುಡಿದ, ಎಷ್ಟು ಹೊತ್ತಿಗೆ ಒದ್ದೆಯಾಯಿತು.