ಕ್ವಿಂಟಾಲ್ ಹಕ್ಕಿ

"ನಾಲಿಗೆ ಜಾರುವುದು ಬಾನುಲಿಯವರಿಗೆ ಮಾತ್ರವೇ ರಾಯರೇ? ನಮ್ಮ ಕೋರ್ಟಿನಲ್ಲಿ ದಿನವೂ ಜಾರುತ್ತದೆ" ಎಂದು ವಕೀಲರು ಕಾಫಿ ಲೋಟ ಕೆಳಗಿಟ್ಟರು.

"ನಿಮ್ಮದು ಜಾರಿದರೆ ಕಕ್ಷಿದಾರನೊಬ್ಬ ಬೀಳುತ್ತಾನೆ. ನಮ್ಮದು ಜಾರಿದರೆ ಮೂರು ಜಿಲ್ಲೆ ನಗುತ್ತದೆ."

ರಾಯರು ವಾರ್ತೆ ಓದಿ ನಿವೃತ್ತರಾದವರು. ನಿಲಯದ ಹೆಸರು ಬೇಡ, ಪಿಂಚಣಿಯ ವಿಷಯ. ಕನ್ನಡದಲ್ಲಿ ವಾರ್ತೆ ಓದುವವನಿಗೆ ಮೊದಲ ಶತ್ರು ಕ್ರಿಯಾಪದ ಎಂಬುದು ಅವರ ವಾದ. "ವಾಕ್ಯದ ಜೀವವೆಲ್ಲ ಕೊನೆಯಲ್ಲಿ. ಹಾಳೆಯ ಕಡೆಯ ಸಾಲು, 'ಮದ್ಯಪಾನ ಆರೋಗ್ಯಕ್ಕೆ ಒಳ್ಳೆಯದು'. ತಿರುಗಿಸಿದರೆ ಎರಡು ಹಾಳೆ ಅಂಟಿಕೊಂಡಿವೆ. ಕೆಮ್ಮು ಬೇರೆ. 'ಎಂಬ ತಪ್ಪು ಕಲ್ಪನೆ ತೊಲಗಬೇಕೆಂದು ಸಚಿವರು ಹೇಳಿದರು' ಎನ್ನುವಷ್ಟರಲ್ಲಿ ಅರ್ಧ ಊರು ಅಂಗಡಿಯ ಮುಂದೆ ನಿಂತಿರುತ್ತದೆ!"

"ಎರಡನೆಯ ಶತ್ರು?"

"ಹಕಾರ. ಹೊಸ ಹುಡುಗನೊಬ್ಬನಿಗೆ ಅದನ್ನು ನುಂಗುವ ಚಾಳಿ. ಎಲ್ಲರೂ ಸೇರಿ ತಿದ್ದಿದೆವು. ತಿದ್ದಿದ್ದು ಹೆಚ್ಚಾಯಿತು. ಪೇಟೆ ಧಾರಣೆ ಓದಲು ಕೂತವನು 'ಸಣ್ಣ ಹಕ್ಕಿ, ಕ್ವಿಂಟಾಲಿಗೆ...' ಎಂದು ಶುರು ಮಾಡಿದ. ಆಮೇಲೆ ದಪ್ಪ ಹಕ್ಕಿ."

"ತಪ್ಪು ಗೊತ್ತಾಗಲಿಲ್ಲವೇ?"

"ಗೊತ್ತಾಯಿತಲ್ಲ, ಅದೇ ಅನಾಹುತ. 'ಕ್ಷಮಿಸಿ, ಹಕ್ಕಿಯಲ್ಲ, ಹಕ್ಕಿ' ಎಂದ."

ವಕೀಲರಿಗೆ ಕಾಫಿ ನೆತ್ತಿಗೇರಿತು. ತಪ್ಪಿದಾಗ ಸುಮ್ಮನೆ ಮುಂದಕ್ಕೆ ಓದುವವನೇ ಜಾಣ. ತಿದ್ದಲು ಹೋದರೆ ಗಮನಿಸದೇ ಇದ್ದವರಿಗೂ ಡಂಗುರ ಸಾರಿದಂತೆ ಎಂದು ನನಗೂ ಅನಿಸಿತು.

"1931ರಲ್ಲಿ ಅಮೆರಿಕದಲ್ಲಿ ಹ್ಯಾರಿ ವಾನ್ ಜೆಲ್ ಎಂಬ ಉದ್ಘೋಷಕ ಅಧ್ಯಕ್ಷ ಹರ್ಬರ್ಟ್ ಹೂವರ್ ಅವರನ್ನು 'ಹೂಬರ್ಟ್ ಹೀವರ್' ಮಾಡಿಬಿಟ್ಟ" ಎಂದರು ಮೇಷ್ಟರು.

"ನೋಡಿ, ಅಲ್ಲೂ ಹಕಾರ!"

"ಅದು ಬಿಡಿ. 1937ರಲ್ಲಿ ಸ್ಪಿಟ್‌ಹೆಡ್‌ನಲ್ಲಿ ಬ್ರಿಟನ್ನಿನ ನೌಕಾಪಡೆಯ ರಾತ್ರಿ ದೀಪಾಲಂಕಾರ. ಬಿಬಿಸಿಯ ವೀಕ್ಷಕ ವಿವರಣೆಗೆ ಥಾಮಸ್ ವುಡ್ರೂಫ್, ಸ್ವತಃ ಮಾಜಿ ನೌಕಾಧಿಕಾರಿ. ಹಡಗಿನಲ್ಲಿ ಹಳೆಯ ಗೆಳೆಯರು ಸಿಕ್ಕರು, ಪಾನಗೋಷ್ಠಿಯೂ ಆಯಿತು. 'ಹಡಗುಗಳೆಲ್ಲ ಬೆಳಗುತ್ತಿವೆ' ಎಂದು ಹೇಳಿದ್ದನ್ನೇ ಹೇಳತೊಡಗಿದ. ಕೆಲವೇ ನಿಮಿಷಗಳಲ್ಲಿ ಪ್ರಸಾರ ನಿಲ್ಲಿಸಿದರು."

"ಬೆಳಗುತ್ತಿದ್ದವನು ಅವನೇ" ಎಂದರು ರಾಯರು. "ಆದರೆ ಎಲ್ಲಕ್ಕೂ ನಮ್ಮನ್ನೇ ದೂರಬೇಡಿ. ಕೇಳುವ ಕಿವಿಗಳದ್ದೂ ಪಾಲಿದೆ."

"ನಮ್ಮ ಅತ್ತೆಯವರ ಕಿವಿಯಂತೂ ಹೌದು" ಎಂದು ಮೇಷ್ಟರು ಒಪ್ಪಿಕೊಂಡರು. "ಹವಾ ವರದಿಯಲ್ಲಿ 'ಒಳನಾಡಿನ ಅಲ್ಲಲ್ಲಿ ಮಳೆ' ಎಂದು ಬಂತು. ಇವರಿಗೆ ಕೇಳಿಸಿದ್ದು 'ಅಲ್ಲ, ಅಲ್ಲಿ ಮಳೆ'. ಅಲ್ಲಿ ಬಂದರೆ ಇಲ್ಲಿಗೇನು ಎಂದು ಮಹಡಿಯ ತುಂಬ ಹಪ್ಪಳ ಹರವಿದರು. ಮಧ್ಯಾಹ್ನ ಸುರಿಯಿತು ನೋಡಿ! ವಾರ್ತೆ ಓದಿದವನಿಗೆ ಸಂಜೆಯವರೆಗೂ ಬೈಗುಳ."

ರಾಯರ ಮುಖ ಸ್ವಲ್ಪ ಸಣ್ಣದಾಯಿತು. "ಯಾವ ವರ್ಷ?"

"ಯಾವ ವರ್ಷವಾದರೂ ಸರಿ, ನಷ್ಟಪರಿಹಾರದ ದಾವೆ ಹೂಡಬಹುದಿತ್ತು" ಎಂದು ವಕೀಲರು ನೆಟ್ಟಗೆ ಕುಳಿತರು.

"ಯಾರ ಮೇಲೆ? ಓದಿದವನ ಮೇಲೋ, ಅತ್ತೆಯ ಕಿವಿಯ ಮೇಲೋ?"

"ಮೊದಲು ಫೀಜು. ಉಳಿದ ಹಪ್ಪಳವಿದ್ದರೆ ಅದೂ ಆಗುತ್ತದೆ."