ಹೈಕೋರ್ಟಿಗೆ ಎರಡನೇ ಅಪೀಲು: ತೋಟದ ದಾರಿ ಕೇಸು, ಮೊದಲು ಗೆದ್ದು ಆಮೇಲೆ ಸೋತಿದ್ದೇವೆ

ಪ್ರಶ್ನೆ: ಕಡಂಗದಂಚು

ನಮಸ್ಕಾರ. ಅಮ್ಮನ ಹೆಸರಿನಲ್ಲಿರುವ ಕೇಸಿನ ಬಗ್ಗೆ ಕೇಳುತ್ತಿದ್ದೇನೆ. ಊರು, ಕೋರ್ಟು, ಎದುರಿನವರ ಹೆಸರು ಬರೆಯುವುದಿಲ್ಲ. ಕೊಡಗು ಅಂದರೆ ಸಾಕು.

ನಮ್ಮದು ಸಣ್ಣ ರೋಬಸ್ಟಾ ಕಾಫಿ ತೋಟ. ಅಜ್ಜನ ಕಾಲದಲ್ಲಿ ಮೇಲಿನ ತೋಟವೂ ನಮ್ಮ ಮನೆಯದೇ. 1979ರ ಪಾಲಿನಲ್ಲಿ ಮೇಲಿನದು ದೊಡ್ಡಪ್ಪನಿಗೆ, ಕೆಳಗಿನದು ಅಪ್ಪನಿಗೆ ಬಂತು. ಟಾರು ರಸ್ತೆಗೆ ಹೋಗಲು ನಾವು ಬಳಸಿದ್ದು ದೊಡ್ಡಪ್ಪನ ಪಾಲಿನೊಳಗೆ, ಕಡಂಗದ (ಹಳೇ ಕಾಲದ ಆಳವಾದ ಕಂದಕ) ಪಕ್ಕದಲ್ಲೇ ಇಳಿಯುವ ಜೀಪು ದಾರಿ. ಪಾಲುಪತ್ರದಲ್ಲಿ ಮಾತ್ರ ದಾರಿಯ ಪ್ರಸ್ತಾಪವಿಲ್ಲ. ದೊಡ್ಡಪ್ಪನ ಮಕ್ಕಳು ತೋಟ ಮಾರಿದರು. ಕೊಂಡವರು 2015ರಲ್ಲಿ ಗೇಟು ಇಟ್ಟು ಬೀಗ ಜಡಿದರು. 2016ರಲ್ಲಿ ಅಮ್ಮ ದಾವೆ ಹೂಡಿದರು.

ಸ್ಥಳ ನೋಡಿ ವರದಿ ಕೊಡಲು ಕೋರ್ಟು ನೇಮಿಸಿದ ಕಮಿಷನರ್ ಬಂದು ನಕ್ಷೆ ಬರೆದುಕೊಂಡು ಹೋದರು. ದಾರಿಯ ಅಗಲ ಹತ್ತು ಅಡಿ, ತಿರುವಿನಲ್ಲಿ ಹಳೇ ಕಲ್ಲುಕಟ್ಟೆ, ಎರಡೂ ಬದಿ ತಬ್ಬಿದರೂ ಕೈಗೆ ಸಿಗದಷ್ಟು ದಪ್ಪದ ಸಿಲ್ವರ್ ಮರಗಳು, ಎಲ್ಲ ಅದರಲ್ಲಿದೆ. ಸಿವಿಲ್ ಜಡ್ಜ್ ನಮ್ಮ ಪರ ಡಿಕ್ರಿ ಕೊಟ್ಟರು. ಎದುರಿನವರು ಅಪೀಲು ಹೋದರು. ಈ ವರ್ಷ ಜೂನ್ 20ಕ್ಕೆ ಆ ಅಪೀಲು ಮಂಜೂರಾಗಿ ನಮ್ಮ ದಾವೆ ವಜಾ ಆಯಿತು. ಗದ್ದೆ ಏರಿಯ ಮೇಲೆ ಕಾಲುದಾರಿ ಇದೆ, ಹಾಗಾಗಿ ಈ ದಾರಿ ಅನಿವಾರ್ಯವಲ್ಲ ಎಂಬುದೇ ಕಾರಣ. ಆ ಏರಿಯ ಮೇಲೆ ಒಬ್ಬ ಮನುಷ್ಯ ನಡೆಯಬಹುದು, ಮೂಟೆ ಹೊತ್ತ ಪಿಕಪ್ ಬರುವುದಿಲ್ಲ. ಈಗ ಗೇಟಿಗೆ ಮತ್ತೆ ಬೀಗ.

ಆ ತೀರ್ಪಿನ ದೃಢೀಕೃತ ನಕಲಿಗೆ ಜುಲೈ 8ಕ್ಕೆ ಅರ್ಜಿ ಹಾಕಿದೆವು. 26ಕ್ಕೆ ಸಿದ್ಧವಾಗಿದೆ ಎಂದು ಸೀಲಿನಲ್ಲಿದೆ. ನಾಟಿ ಕೆಲಸದಲ್ಲಿ ತಡವಾಗಿ ಆಗಸ್ಟ್ 12ಕ್ಕೆ ತಂದೆವು. ಹೈಕೋರ್ಟಿಗೆ ಹೋಗಲು ಎಷ್ಟು ಕಾಲ ಉಳಿದಿದೆ? ಅಲ್ಲಿ ಸಾಕ್ಷಿ ಮತ್ತೆ ನೋಡುವುದಿಲ್ಲ, ಹೋಗಿ ಪ್ರಯೋಜನವಿಲ್ಲ ಎನ್ನುತ್ತಾರಲ್ಲ, ನಿಜವೇ? ಹಣ್ಣು ಕೊಯ್ಲಿಗೆ ಮೊದಲು ಗೇಟು ತೆರೆಸಲು ಸ್ಟೇ ಸಿಗುತ್ತದೆಯೇ?

ಉತ್ತರ: ಗೋಣಿಕೊಪ್ಪ ಬೆಳೆಗಾರ

ನಮ್ಮ ಪೈಸಾರಿ (ಸರ್ಕಾರಿ) ಜಾಗದ ವಿಚಾರದಲ್ಲಿ ನಾವು ರಿಟ್ ಹಾಕಿ ಗೆದ್ದೆವು. ನೀವೂ ಸಂವಿಧಾನದ 226ನೇ ವಿಧಿಯಲ್ಲಿ ನೇರ ರಿಟ್ ಹಾಕಿ, ಬೇಗ ಆಗುತ್ತದೆ. ಅದೂ ಬೇಡವೆಂದರೆ ಊರ ಹಿರಿಯರನ್ನು ಕೂರಿಸಿ ದಾರಿಗೆ ಬೆಲೆ ಕಟ್ಟಿ ಬರೆಸಿಕೊಳ್ಳಿ. ಅಕ್ಕಪಕ್ಕದವರು ನಾಳೆಯೂ ಮುಖ ನೋಡಬೇಕಲ್ಲ.

ಉತ್ತರ: ಮಡಿಕೇರಿ ವಕೀಲೆ

ರಿಟ್ ಬೇಡ. ಪೈಸಾರಿ ವಿಚಾರದಲ್ಲಿ ಎದುರಿಗಿದ್ದದ್ದು ಸರ್ಕಾರ. ಇಲ್ಲಿ ಇಬ್ಬರು ಖಾಸಗಿಯವರ ನಡುವೆ ಸಿವಿಲ್ ಕೋರ್ಟ್ ಕೊಟ್ಟ ಡಿಕ್ರಿ ಇದೆ, ಅದಕ್ಕೆ ಕಾನೂನೇ ಅಪೀಲಿನ ದಾರಿ ಇಟ್ಟಿದೆ. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 100ರ ಕೆಳಗೆ ಆರ್‌ಎಸ್‌ಎ, ಅಂದರೆ ಎರಡನೇ ಅಪೀಲು. ಧಾರವಾಡ, ಕಲಬುರಗಿ ಪೀಠಗಳು ನಮಗೆ ಸಂಬಂಧಪಡುವುದಿಲ್ಲ, ಕೊಡಗಿನ ಕೇಸುಗಳೆಲ್ಲ ಬೆಂಗಳೂರಿಗೇ.

ಮೊದಲು ದಿನದ ಲೆಕ್ಕ. ಹೈಕೋರ್ಟಿಗೆ ಅಪೀಲು ಹೋಗಲು 90 ದಿನ. ತೀರ್ಪಿನ ದಿನ ಬಿಟ್ಟು ಎಣಿಸಿದರೆ ಸೆಪ್ಟೆಂಬರ್ 18. ಅರ್ಜಿ ಹಾಕಿದ ದಿನದಿಂದ ನಕಲು ಸಿದ್ಧವಾದ ದಿನದವರೆಗಿನ ಕಾಲವನ್ನು ಲಿಮಿಟೇಷನ್ ಆ್ಯಕ್ಟಿನ (ಕಾಲಮಿತಿ ಕಾಯ್ದೆ) ಸೆಕ್ಷನ್ 12 ಬಿಟ್ಟುಕೊಡುತ್ತದೆ, ಅದು 19 ದಿನ. ಹಾಗಾಗಿ ಅಕ್ಟೋಬರ್ 7. ಸಿದ್ಧವಾದ ಮೇಲೆ ನೀವು ತರಲು ತೆಗೆದುಕೊಂಡ ದಿನಗಳು ನಿಮ್ಮ ಖಾತೆಗೇ, ಅವು ಸಿಗುವುದಿಲ್ಲ. ಅರ್ಜಿ ಹಾಕುವ ಮೊದಲಿನ ದಿನಗಳೂ ಅಷ್ಟೇ. ಇದನ್ನು ಓದುವ ಬೇರೆಯವರಿಗೂ ಹೇಳುತ್ತೇನೆ: ಸೋತ ದಿನವೇ ನಕಲಿಗೆ ಅರ್ಜಿ ಹಾಕಿ, ಅಪೀಲು ಹೋಗುವುದೋ ಬಿಡುವುದೋ ಆಮೇಲೆ ಯೋಚಿಸಿ. ತಡವಾದರೆ ಸೆಕ್ಷನ್ 5ರಲ್ಲಿ ವಿಳಂಬ ಮನ್ನಾ ಕೇಳಬಹುದು. ಆದರೆ ಇರುವ ಕಾಲವನ್ನು ಕಳೆದುಕೊಂಡು ದಯೆ ಕೇಳುವ ಸ್ಥಿತಿಗೆ ಯಾಕೆ ಹೋಗಬೇಕು? ಈ ತಿಂಗಳೊಳಗೇ ಹಾಕಿಸಿ.

ಇನ್ನು ಪ್ರಯೋಜನವಿದೆಯೇ ಎಂಬ ಮಾತು. ಹೈಕೋರ್ಟು ಮೂರನೇ ಸಲ ಸಾಕ್ಷಿ ತೂಗುವುದಿಲ್ಲ ಎಂಬುದು ನಿಜ. 1976ರ ತಿದ್ದುಪಡಿಯ ನಂತರ ಎರಡನೇ ಅಪೀಲಿಗೆ ಮಹತ್ವದ ಕಾನೂನು ಪ್ರಶ್ನೆ ಇರಲೇಬೇಕು, ಅದನ್ನು ಅಪೀಲಿನಲ್ಲೇ ಸ್ಪಷ್ಟವಾಗಿ ಬರೆಯಬೇಕು. ಎರಡು ಕೋರ್ಟುಗಳೂ ನಿಮ್ಮನ್ನು ಸೋಲಿಸಿದ್ದರೆ ನಾನೇ ಯೋಚಿಸಿ ಹೋಗಿ ಎನ್ನುತ್ತಿದ್ದೆ. ನಿಮ್ಮದು ಹಾಗಲ್ಲ, ಕೆಳಗಿನ ಕೋರ್ಟ್ ಕೊಟ್ಟದ್ದನ್ನು ಮೇಲಿನ ಕೋರ್ಟ್ ತಿರುಗಿಸಿದೆ. ಸಂತೋಷ್ ಹಜಾರಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿದ್ದು ಇದನ್ನೇ. ವಿಚಾರಣಾ ಕೋರ್ಟಿನ ತೀರ್ಮಾನವನ್ನು ಬುಡಮೇಲು ಮಾಡುವ ಅಪೀಲು ಕೋರ್ಟು, ಆ ಜಡ್ಜ್ ಕೊಟ್ಟ ಕಾರಣಗಳನ್ನು ಎದುರಿಟ್ಟುಕೊಂಡು, ಅವು ಯಾಕೆ ಸರಿಯಲ್ಲ ಎಂದು ತನ್ನ ಕಾರಣ ಬರೆಯಬೇಕು. ಸಿಪಿಸಿ ಆದೇಶ 41 ನಿಯಮ 31 ಕೂಡ ತೀರ್ಮಾನಿಸಬೇಕಾದ ಅಂಶ, ತೀರ್ಮಾನ, ಅದಕ್ಕೆ ಕಾರಣ ಮೂರನ್ನೂ ಕೇಳುತ್ತದೆ. ಕಮಿಷನರ್ ವರದಿಯನ್ನು ಮೇಲಿನ ಕೋರ್ಟು ಚರ್ಚಿಸಿದೆಯೋ, ಒಂದೇ ವಾಕ್ಯದಲ್ಲಿ ತಳ್ಳಿದೆಯೋ ನೋಡಿ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಇದು ಅನುಭೋಗದ ಹಕ್ಕುಗಳ (ಈಸ್‌ಮೆಂಟ್, ಅಂದರೆ ಇನ್ನೊಬ್ಬರ ಜಾಗವನ್ನು ದಾರಿಯಂಥ ಬಳಕೆಗೆ ಉಪಯೋಗಿಸುವ ಹಕ್ಕು) 1882ರ ಕಾಯ್ದೆಗೆ ಸೇರಿದ್ದು. (ಕಾಯ್ದೆ ಬಂದಾಗ ಅದು ಅನ್ವಯಿಸುತ್ತಿದ್ದದ್ದು ಮದ್ರಾಸ್, ಮಧ್ಯಪ್ರಾಂತ್ಯ, ಕೊಡಗು ಈ ಮೂರಕ್ಕೆ ಮಾತ್ರ. ನಮ್ಮ ಜಿಲ್ಲೆಗೆ ಅದು ಮೊದಲ ದಿನದಿಂದಲೇ ಇದೆ.) ಅದರ ಸೆಕ್ಷನ್ 13 ಅನಿವಾರ್ಯತೆಯ ದಾರಿ. ಬೇರೆ ದಾರಿ ಇದೆ ಎಂದು ಕಂಡರೆ ಆ ಹಕ್ಕು ಬಿದ್ದುಹೋಗುತ್ತದೆ, ಗದ್ದೆ ಏರಿ ಹೇಳಿ ನಿಮ್ಮನ್ನು ಸೋಲಿಸಿದ್ದು ಹೀಗೆ. ಸೆಕ್ಷನ್ 15 ಬೇರೆಯೇ. ಬಹಿರಂಗವಾಗಿ, ತಕರಾರಿಲ್ಲದೆ, ಹಕ್ಕೆಂದು, ಎಡೆಬಿಡದೆ 20 ವರ್ಷ ಬಳಸಿದ್ದರೆ ದಾರಿಯ ಹಕ್ಕು ಹುಟ್ಟುತ್ತದೆ. ಅಲ್ಲಿ ಬೇರೆ ದಾರಿ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಆ 20 ವರ್ಷ ದಾವೆಗೆ ಹಿಂದಿನ ಎರಡು ವರ್ಷದೊಳಗೆ ಮುಗಿದಿರಬೇಕು. ನಿಮ್ಮದು 1979ರಿಂದ 2015ರವರೆಗೆ, ದಾವೆ 2016ರದ್ದು. ಲೆಕ್ಕ ಕೂಡುತ್ತದೆ. ಸೆಕ್ಷನ್ 15ನ್ನು ಮೇಲಿನ ಕೋರ್ಟು ಮುಟ್ಟಿಯೇ ಇಲ್ಲದಿದ್ದರೆ ನಿಮ್ಮ ಕಾನೂನು ಪ್ರಶ್ನೆ ಅದೇ.

ಎರಡು ಕಡೆ ನನಗೆ ಆತಂಕವಿದೆ, ಮುಚ್ಚಿಡುವುದಿಲ್ಲ. ದಾವೆಯ ಅರ್ಜಿಯಲ್ಲಿ 20 ವರ್ಷದ ಬಳಕೆಯನ್ನು ಬರೆದಿದ್ದಾರೆಯೇ, ಅಥವಾ ಅನಿವಾರ್ಯತೆ ಒಂದನ್ನೇ ಹೇಳಿದ್ದಾರೆಯೇ? ಬರೆಯದೇ ಇದ್ದರೆ ಹೈಕೋರ್ಟಿನಲ್ಲಿ ಹೊಸದಾಗಿ ಎತ್ತುವುದು ಬಹಳ ಕಷ್ಟ. ಎರಡನೆಯದು ಅಮ್ಮನ ಪಾಟಿಸವಾಲು. "ಭಾವ ಬಿಡುತ್ತಿದ್ದರು, ನಾವು ಹೋಗುತ್ತಿದ್ದೆವು" ಎಂದು ಅವರು ಹೇಳಿದ್ದರೆ ಅದು ಅನುಮತಿಯ ಬಳಕೆ ಆಗುತ್ತದೆ, ಹಕ್ಕಿನ ಬಳಕೆ ಆಗುವುದಿಲ್ಲ. ಸಂಬಂಧಿಕರ ನಡುವಿನ ದಾರಿ ಕೇಸುಗಳು ಇಲ್ಲೇ ಮುಗ್ಗರಿಸುವುದು. ಆ ಹೇಳಿಕೆಯನ್ನು ಸಾಲು ಸಾಲಾಗಿ ಓದಿ.

ಮರುಪ್ರಶ್ನೆ: ಕಡಂಗದಂಚು

ತುಂಬಾ ಉಪಕಾರ ಮೇಡಂ. ಈಗಲೇ ತೆಗೆದು ನೋಡಿದೆ. ದಾವೆಯ ಐದನೇ ಪ್ಯಾರಾದಲ್ಲಿ "ಪಾಲಾದ ದಿನದಿಂದ ಮೂವತ್ತಕ್ಕೂ ಹೆಚ್ಚು ವರ್ಷ ಯಾರ ಅಡ್ಡಿಯಿಲ್ಲದೆ ಹಕ್ಕಿನಿಂದ" ಎಂದು ಇದೆ. ಪಾಟಿಸವಾಲಿನಲ್ಲಿ ಅಮ್ಮ "ಯಾರನ್ನೂ ಕೇಳಿ ಹೋಗುತ್ತಿರಲಿಲ್ಲ, ಅದು ನಮ್ಮ ದಾರಿ" ಎಂದಿದ್ದಾರೆ. ಮೇಲಿನ ಕೋರ್ಟಿನ ತೀರ್ಪಿನಲ್ಲಿ 20 ವರ್ಷದ ಮಾತು ಎಲ್ಲೂ ಇಲ್ಲ. ಸ್ಟೇ ವಿಷಯ ಮತ್ತು ಖರ್ಚು ಹೇಳುತ್ತೀರಾ? ಅಮ್ಮನಿಗೆ ಬೆಂಗಳೂರಿನ ವಕೀಲರ ಫೀಸು ಕೊಡುವ ಶಕ್ತಿ ಇಲ್ಲ.

ಉತ್ತರ: ಮಡಿಕೇರಿ ವಕೀಲೆ

ಹಾಗಿದ್ದರೆ ಖಂಡಿತ ಹೋಗಿ. ಅಮ್ಮನ ಆ ಒಂದು ಉತ್ತರ ನಿಮ್ಮ ಕಡತದಲ್ಲೇ ಬೆಲೆಬಾಳುವ ಸಾಲು.

ಅಪೀಲು ಹಾಕಿದ ಮಾತ್ರಕ್ಕೆ ಏನೂ ನಿಲ್ಲುವುದಿಲ್ಲ. ಅಲ್ಲದೆ ನಿಮ್ಮ ದಾವೆ ವಜಾ ಆಗಿರುವುದರಿಂದ ಬರೀ ಸ್ಟೇ ಸಿಕ್ಕರೆ ಗೇಟಿನ ಬೀಗ ತೆರೆಯುವುದಿಲ್ಲ. ಅಪೀಲಿನ ಜೊತೆಗೇ ಆದೇಶ 39ರ ಕೆಳಗೆ ಮಧ್ಯಂತರ ಅರ್ಜಿ ಹಾಕಿ, ಅಪೀಲು ತೀರುವವರೆಗೆ ದಾರಿಗೆ ಅಡ್ಡಿ ಮಾಡಬಾರದು ಎಂದು ಕೇಳಬೇಕು. ದಾವೆ ನಡೆಯುವಾಗ ಗೇಟು ತೆರೆದಿತ್ತೇ, ತಾತ್ಕಾಲಿಕ ತಡೆಯಾಜ್ಞೆ ಇತ್ತೇ? ಇದ್ದರೆ ಆ ಆದೇಶದ ನಕಲು ಮುಖ್ಯ. ಅಫಿಡವಿಟ್‌ನಲ್ಲಿ ಕೊಯ್ಲು ಯಾವ ತಿಂಗಳು, ಹಣ್ಣು ಕಣಕ್ಕೆ ಹೇಗೆ ಬರಬೇಕು, ಏರಿಯ ಅಗಲ ಎಷ್ಟು, ಎಲ್ಲ ಬರೆಸಿ. ಏರಿಯ ಮೇಲೆ ಟೇಪು ಹಿಡಿದು ಫೋಟೋ ತೆಗೆಸಿ. ಬೆಂಗಳೂರಿನಲ್ಲಿ ಕೂತು ಓದುವವರಿಗೆ ಗದ್ದೆ ಏರಿ ಎಂದರೆ ಎಷ್ಟಗಲ ಎಂದು ಗೊತ್ತಿರಬೇಕೆಂದಿಲ್ಲ. ಎದುರಿನವರು ಕೇವಿಯಟ್ (ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಎಂಬ ಮುನ್ನೆಚ್ಚರಿಕೆಯ ಅರ್ಜಿ) ಹಾಕಿರಬಹುದು. ಹಾಕಿದ್ದರೆ ಅವರಿಗೆ ನೋಟಿಸ್ ಕೊಡದೆ ಆದೇಶ ಸಿಗುವುದಿಲ್ಲ, ಅದಕ್ಕೂ ಸಮಯ ಇಟ್ಟುಕೊಳ್ಳಿ.

ಖರ್ಚಿನ ವಿಷಯ: ಕಾನೂನು ಸೇವಾ ಪ್ರಾಧಿಕಾರಗಳ 1987ರ ಕಾಯ್ದೆಯ ಸೆಕ್ಷನ್ 12ರಲ್ಲಿ ಹೆಂಗಸರಿಗೆ ಉಚಿತ ವಕೀಲರ ಹಕ್ಕಿದೆ, ಆದಾಯದ ಮಿತಿ ಅವರಿಗೆ ಇಲ್ಲ. ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಮ್ಮನ ಅರ್ಜಿ ಕೊಟ್ಟು, ಹೈಕೋರ್ಟ್ ಕಾನೂನು ಸೇವಾ ಸಮಿತಿಗೆ ಕಳಿಸಲು ಕೇಳಿ. ಅಕ್ಟೋಬರ್ 7 ಕೊನೆಯ ದಿನ ಎಂದು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ. ಎರಡೂ ತೀರ್ಪು, ಎರಡೂ ಡಿಕ್ರಿ, ದಾವೆಯ ಅರ್ಜಿ, ಅಮ್ಮನ ಸಾಕ್ಷ್ಯ, ಕಮಿಷನರ್ ವರದಿ ಮತ್ತು ನಕ್ಷೆ ಜೊತೆಗಿರಲಿ. ನಕ್ಷೆಯ ಜೆರಾಕ್ಸ್ ಮಸುಕಾಗಿದ್ದರೆ ದೃಢೀಕೃತ ನಕಲನ್ನೇ ಹೊಸದಾಗಿ ತೆಗೆಸಿ.

ಗೋಣಿಕೊಪ್ಪದವರು ಹೇಳಿದ ರಾಜಿಯ ಬಾಗಿಲನ್ನೂ ಮುಚ್ಚಬೇಡಿ, ಅಪೀಲು ಬಾಕಿ ಇರುವಾಗಲೂ ಮಧ್ಯಸ್ಥಿಕೆಗೆ ಹೋಗಬಹುದು. ಆದರೆ ಮಾತುಕತೆಗೆ ಕೂರುವ ಮೊದಲು ಅಪೀಲಿನ ನಂಬರು ನಿಮ್ಮ ಕೈಯಲ್ಲಿರಲಿ.

ಕಡಂಗದಂಚು

ತಡೆಯಾಜ್ಞೆ ಇತ್ತು ಮೇಡಂ, ಡಿಕ್ರಿ ಆಗುವವರೆಗೂ ಗೇಟು ತೆರೆದೇ ಇತ್ತು. ಆ ಆದೇಶಕ್ಕೂ ನಕ್ಷೆಗೂ ನಾಳೆ ನಕಲು ಅರ್ಜಿ ಹಾಕುತ್ತೇನೆ. ಅಮ್ಮನನ್ನು ಕರೆದುಕೊಂಡು ಸೋಮವಾರ ಮಡಿಕೇರಿಗೆ ಬರುತ್ತೇವೆ.